ಸೇಬಲ್ ದ್ವೀಪ: ದೀಪಕ್ಕಿಂತ ಮೊದಲು ದಡದಲ್ಲಿ ನಿಂತವರು

ಕೆನಡಾ ಒಂದು ಒಕ್ಕೂಟವಾಗಿ ರೂಪುಗೊಂಡ 1867ರಲ್ಲಿ ಅದರ ಸಂವಿಧಾನಕ್ಕೆ ಬುನಾದಿಯಾದ ಬ್ರಿಟಿಷ್ ಉತ್ತರ ಅಮೆರಿಕ ಕಾಯ್ದೆ ಜಾರಿಗೆ ಬಂದಿತು. ಕೇಂದ್ರ ಸಂಸತ್ತಿನ ಅಧಿಕಾರಗಳನ್ನು ಎಣಿಸುವ ಅದರ 91ನೇ ವಿಧಿಯ ಒಂಬತ್ತನೆಯ ಬಾಬು ಕುತೂಹಲಕರವಾಗಿದೆ. ಸಮುದ್ರದ ಗುರುತುಕಂಬಗಳು, ತೇಲುಗುರುತುಗಳು ಮತ್ತು ದೀಪಸ್ತಂಭಗಳನ್ನು ಹೇಳಿದ ಬೆನ್ನಿಗೇ ಅದೇ ಸಾಲಿನಲ್ಲಿ ಸೇಬಲ್ ದ್ವೀಪದ ಹೆಸರನ್ನೂ ಸೇರಿಸಲಾಗಿದೆ. ಊರಿಲ್ಲದ, ಬಂದರಿಲ್ಲದ, ಹೊಲಗದ್ದೆಗಳಿಲ್ಲದ ಮರಳಿನ ಒಂದು ದಿಬ್ಬ ಹೀಗೆ ಒಂದು ದೇಶದ ಮೂಲ ಕಾಯ್ದೆಯಲ್ಲಿ ಸ್ಥಾನ ಪಡೆಯಿತು.

ಇದಕ್ಕೆ ಕಾರಣ ಆ ದ್ವೀಪದ ಸಂಪತ್ತಲ್ಲ, ಅದು ಬಲಿ ತೆಗೆದುಕೊಂಡ ಹಡಗುಗಳು. 16ನೇ ಶತಮಾನದಿಂದೀಚೆಗೆ ಸೇಬಲ್ ದ್ವೀಪದ ಸುತ್ತಮುತ್ತ 350ಕ್ಕೂ ಹೆಚ್ಚು ಹಡಗುಗಳು ಒಡೆದುಹೋದ ದಾಖಲೆಯಿದೆ. 'ಅಟ್ಲಾಂಟಿಕ್‌ನ ಸ್ಮಶಾನ' ಎಂದು ನಾವಿಕರು ಕರೆದ ಈ ದ್ವೀಪದಲ್ಲಿ 1801ರಿಂದ 1958ರವರೆಗೆ, ಒಂದೂವರೆ ಶತಮಾನಕ್ಕೂ ಮಿಕ್ಕಿ, ಅಪರಿಚಿತರ ಪ್ರಾಣ ಉಳಿಸುವುದೇ ಉದ್ಯೋಗವಾಗಿದ್ದ ಜನ ಸರ್ಕಾರಿ ವೇತನದ ಮೇಲೆ ನೆಲೆಸಿದ್ದರು. ಹಡಗುಗಳಿಗೆ ಅಪಾಯದ ಎಚ್ಚರಿಕೆ ನೀಡುವ ದೀಪಸ್ತಂಭಗಳು ಅಲ್ಲಿಗೆ ಬಂದದ್ದು ಅವರು ಬಂದು ಎಪ್ಪತ್ತು ವರ್ಷಗಳಾದ ಮೇಲೆ. ಜಗತ್ತಿನ ಬಹುತೇಕ ಕರಾವಳಿಗಳಲ್ಲಿ ದೀಪ ಮೊದಲು, ರಕ್ಷಣಾ ದೋಣಿ ಆಮೇಲೆ. ಸೇಬಲ್ ದ್ವೀಪದಲ್ಲಿ ಈ ಕ್ರಮ ತಿರುವುಮುರುವಾಗಿತ್ತು.

ಮರಳಿನ ಅರ್ಧಚಂದ್ರ

ಸೇಬಲ್ ದ್ವೀಪವು ಕೆನಡಾದ ಪೂರ್ವ ತೀರದ ನೋವಾ ಸ್ಕೋಷಿಯಾ ಪ್ರಾಂತದ ರಾಜಧಾನಿ ಹ್ಯಾಲಿಫ್ಯಾಕ್ಸ್‌ನಿಂದ ಆಗ್ನೇಯಕ್ಕೆ ಸುಮಾರು 300 ಕಿಲೋಮೀಟರ್ ದೂರದಲ್ಲಿ, ಉತ್ತರ ಅಟ್ಲಾಂಟಿಕ್ ಸಾಗರದ ನಡುವೆ ಇದೆ. ಫ್ರೆಂಚ್ ಭಾಷೆಯಲ್ಲಿ 'ಸಾಬ್ಲ್' ಎಂದರೆ ಮರಳು. ಬಾಗಿದ ಅರ್ಧಚಂದ್ರದ ಆಕಾರದ ಈ ದ್ವೀಪದ ಉದ್ದ ಸುಮಾರು 42 ಕಿಲೋಮೀಟರ್. ಹೆಚ್ಚು ಕಡಿಮೆ ಮೈಸೂರಿನಿಂದ ಮಂಡ್ಯಕ್ಕಿರುವ ದೂರ. ಅಗಲ ಮಾತ್ರ ಎಲ್ಲಿಯೂ ಒಂದೂವರೆ ಕಿಲೋಮೀಟರ್ ಮೀರುವುದಿಲ್ಲ. ಅತಿ ಎತ್ತರದ ಮರಳುದಿಬ್ಬ ಸಮುದ್ರಮಟ್ಟದಿಂದ 30 ಮೀಟರಿಗಿಂತ ಕಡಿಮೆ. ಹುಲ್ಲು, ಕುರುಚಲು ಗಿಡಗಳನ್ನು ಬಿಟ್ಟರೆ ಮರಗಳಿಲ್ಲ. 1901ರಲ್ಲಿ ಮರಳನ್ನು ಹಿಡಿದು ನಿಲ್ಲಿಸುವ ಉದ್ದೇಶದಿಂದ ಕೆನಡಾ ಸರ್ಕಾರ ಸುಮಾರು 80 ಸಾವಿರ ಸಸಿಗಳನ್ನು ನೆಡಿಸಿತು. ಗಾಳಿ ಮತ್ತು ಉಪ್ಪಿನ ಹೊಡೆತಕ್ಕೆ ಅವೆಲ್ಲವೂ ಒಣಗಿಹೋದವು. ಮುಂದೆ ಅಲ್ಲಿ ಉಳಿದುಕೊಂಡ ಒಂಟಿ ಪೈನ್ ಗಿಡವೊಂದು ಕುಬ್ಜವಾಗಿಯೇ ಬೆಳೆದಿದೆ.

ದ್ವೀಪ ಅಪಾಯಕಾರಿಯಾದದ್ದು ಅದು ಇರುವ ಜಾಗದಿಂದ. ಯುರೋಪ್ ಮತ್ತು ಉತ್ತರ ಅಮೆರಿಕದ ಬಂದರುಗಳ ನಡುವಣ ಹಡಗು ಮಾರ್ಗಗಳಿಗೆ ಇದು ತೀರ ಸಮೀಪದಲ್ಲಿದೆ. ಉತ್ತರದಿಂದ ಇಳಿದುಬರುವ ಲ್ಯಾಬ್ರಡಾರ್ ಪ್ರವಾಹದ ತಣ್ಣೀರು ಮತ್ತು ದಕ್ಷಿಣದಿಂದ ಬರುವ ಗಲ್ಫ್ ಪ್ರವಾಹದ ಬೆಚ್ಚನೆಯ ನೀರು ಈ ಪ್ರದೇಶದಲ್ಲಿ ಸಂಧಿಸುವುದರಿಂದ ದಟ್ಟ ಮಂಜು ಕವಿಯುತ್ತದೆ. ವರ್ಷಕ್ಕೆ ಸರಾಸರಿ 125 ದಿನಗಳ ಕಾಲ ದ್ವೀಪದಲ್ಲಿ ಮಂಜು ಕಾಣಿಸಿಕೊಳ್ಳುತ್ತದೆ. ಬೇಸಿಗೆಯ ತಿಂಗಳುಗಳಲ್ಲಿಯೇ ಅದು ಹೆಚ್ಚು. ದ್ವೀಪದ ಎರಡೂ ತುದಿಗಳಿಂದ ಮರಳಿನ ಏರಿಗಳು ನೀರಿನೊಳಗೆ ಹಲವು ಕಿಲೋಮೀಟರ್ ದೂರ ಚಾಚಿಕೊಂಡಿವೆ. ನೆಲ ಕಣ್ಣಿಗೆ ಬೀಳುವ ಮೊದಲೇ ಹಡಗಿನ ತಳ ಮರಳಿಗೆ ತಾಗಿರುತ್ತಿತ್ತು.

ಹಾಯಿ ಹಡಗುಗಳ ಕಾಲದಲ್ಲಿ ಸಂಕಷ್ಟ ಇನ್ನೂ ಹೆಚ್ಚು. ರೇಖಾಂಶವನ್ನು ನಿಖರವಾಗಿ ಅಳೆಯುವ ಸಾಧನ ಸಾಮಾನ್ಯ ನಾವಿಕರ ಕೈಗೆ ಎಟುಕದಿದ್ದ ದಿನಗಳಲ್ಲಿ ಸೂರ್ಯ, ನಕ್ಷತ್ರಗಳ ಆಧಾರದ ಮೇಲೆಯೇ ಹಡಗಿನ ಸ್ಥಾನವನ್ನು ಲೆಕ್ಕ ಹಾಕಬೇಕಿತ್ತು. ಮಂಜು ಮುಸುಕಿದಾಗ ಅದೂ ಇಲ್ಲ. ಒಳಪ್ರವಾಹಗಳು ಹಡಗನ್ನು ಅರಿವಿಗೆ ಬಾರದಂತೆ ದಿಕ್ಕು ತಪ್ಪಿಸುತ್ತಿದ್ದವು. ಮರಳಿಗೆ ಸಿಕ್ಕಿದ ಹಡಗನ್ನು ಅಲೆಗಳು ಬಡಿಬಡಿದು ಕೆಲವೇ ದಿನಗಳಲ್ಲಿ, ಕೆಲವೊಮ್ಮೆ ಕೆಲವೇ ಗಂಟೆಗಳಲ್ಲಿ ಚೂರುಮಾಡುತ್ತಿದ್ದವು.

ಆರಂಭದ ದುರಂತಗಳು

ಇಲ್ಲಿನ ದುರಂತಗಳ ಪಟ್ಟಿ ಸಾಮಾನ್ಯವಾಗಿ 1583ರಿಂದ ಆರಂಭವಾಗುತ್ತದೆ. ಇಂಗ್ಲೆಂಡಿನ ಸರ್ ಹಂಫ್ರಿ ಗಿಲ್ಬರ್ಟ್‌ನ ನೌಕಾಪಡೆಯ 'ಡಿಲೈಟ್' ಎಂಬ ಹಡಗು ಆ ವರ್ಷದ ಆಗಸ್ಟ್‌ನಲ್ಲಿ ಮರಳುದಿಬ್ಬಕ್ಕೆ ಬಡಿದು ನಾಶವಾಯಿತು. ಅದು ಒಡೆದ ನಿಖರ ಸ್ಥಳದ ಬಗೆಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದ್ದರೂ ಸೇಬಲ್ ದ್ವೀಪದ ಮೊದಲ ದುರಂತವೆಂದೇ ಅದನ್ನು ಬಹುಕಾಲದಿಂದ ಗುರುತಿಸಲಾಗುತ್ತಿದೆ.

ಮುಂದಿನ ಕಥೆ ಹಡಗಿನದ್ದಲ್ಲ, ಮನುಷ್ಯರದ್ದು. 1598ರಲ್ಲಿ ಫ್ರಾನ್ಸಿನ ಮಾರ್ಕ್ವಿಸ್ ದ ಲಾ ರೋಶ್ ಹೊಸ ವಸಾಹತು ಸ್ಥಾಪಿಸುವ ಉದ್ದೇಶದಿಂದ ಕೈದಿಗಳೂ ಸೇರಿದ್ದ ಒಂದು ಗುಂಪನ್ನು ಇಲ್ಲಿ ಇಳಿಸಿದ. ಆತನ ಹಡಗು ಬಿರುಗಾಳಿಗೆ ಸಿಕ್ಕಿ ಫ್ರಾನ್ಸಿಗೆ ಮರಳಿತು. ದ್ವೀಪದಲ್ಲಿ ಉಳಿದವರು ಒಡೆದ ಹಡಗುಗಳ ಹಲಗೆಗಳಿಂದ ಗುಡಿಸಲು ಕಟ್ಟಿಕೊಂಡರು, ಸೀಲ್ ಪ್ರಾಣಿಗಳನ್ನು ಬೇಟೆಯಾಡಿ ಅವುಗಳ ಚರ್ಮವನ್ನೇ ಹೊದ್ದರು. ಪರಸ್ಪರ ಕಾದಾಟ, ಹಸಿವು ಮತ್ತು ಚಳಿ ಅವರನ್ನು ಒಬ್ಬೊಬ್ಬರನ್ನಾಗಿ ಕಬಳಿಸಿತು. 1603ರಲ್ಲಿ ಅವರನ್ನು ಕರೆತರಲು ಹಡಗು ಬಂದಾಗ ಬದುಕಿ ಉಳಿದಿದ್ದವರು 11 ಮಂದಿ ಮಾತ್ರ. ಫ್ರಾನ್ಸಿನ ದೊರೆ ನಾಲ್ಕನೆಯ ಹೆನ್ರಿಯ ಮುಂದೆ ಅವರನ್ನು ಹಾಜರುಪಡಿಸಲಾಯಿತು.

18ನೇ ಶತಮಾನದಲ್ಲಿ ಬಾಸ್ಟನ್ ನಗರದ ಪಾದ್ರಿ ಆಂಡ್ರೂ ಲ ಮರ್ಸಿಯೆ ದ್ವೀಪಕ್ಕೆ ಜಾನುವಾರುಗಳನ್ನು ಸಾಗಿಸಿದರು. ಹಡಗೊಡೆದು ದಡ ಸೇರಿದವರಿಗೆ ಆಹಾರ ದೊರೆಯಬೇಕೆಂಬುದು ಅದರ ಒಂದು ಉದ್ದೇಶವಾಗಿತ್ತು. ಆ ಜಾನುವಾರುಗಳನ್ನು ಮೀನುಗಾರರು, ಕಡಲ್ಗಳ್ಳರು ದೋಚುತ್ತಿದ್ದುದೂ ಉಂಟು. 1760ರ ಸುಮಾರಿಗೆ ಬಾಸ್ಟನ್‌ನ ವರ್ತಕ ಥಾಮಸ್ ಹ್ಯಾನ್‌ಕಾಕ್ ದ್ವೀಪಕ್ಕೆ ಕುದುರೆಗಳನ್ನು ತಂದುಬಿಟ್ಟ. ನೋವಾ ಸ್ಕೋಷಿಯಾದಿಂದ ಬ್ರಿಟಿಷರು ಹೊರದೂಡಿದ ಆಕೇಡಿಯನ್ ಎಂಬ ಫ್ರೆಂಚ್ ಮೂಲದ ರೈತರಿಂದ ವಶಪಡಿಸಿಕೊಂಡ ಕುದುರೆಗಳು ಅವು ಎನ್ನಲಾಗಿದೆ. ಅವುಗಳ ಸಂತತಿ ಮುಂದೆ ರಕ್ಷಣಾ ಕಾರ್ಯದ ಬೆನ್ನೆಲುಬಾಯಿತು.

'ಫ್ರಾನ್ಸಿಸ್' ಮತ್ತು 1801ರ ನಿರ್ಧಾರ

ವ್ಯವಸ್ಥಿತ ರಕ್ಷಣಾ ಕಾರ್ಯಕ್ಕೆ ಪ್ರೇರಣೆಯಾದದ್ದು 1799ರ ಡಿಸೆಂಬರ್‌ನಲ್ಲಿ ಸಂಭವಿಸಿದ 'ಫ್ರಾನ್ಸಿಸ್' ಹಡಗಿನ ದುರಂತ. ಹ್ಯಾಲಿಫ್ಯಾಕ್ಸ್‌ನಲ್ಲಿ ಸೇನಾಧಿಪತಿಯಾಗಿದ್ದ ರಾಜಕುಮಾರ ಎಡ್ವರ್ಡ್, ಅಂದರೆ ಮುಂದೆ ಬ್ರಿಟನ್ನಿನ ರಾಣಿಯಾದ ವಿಕ್ಟೋರಿಯಾಳ ತಂದೆ, ಆತನ ಗೃಹೋಪಯೋಗಿ ವಸ್ತುಗಳನ್ನು ಹೊತ್ತು ಈ ಹಡಗು ಬರುತ್ತಿತ್ತು. ಅದರಲ್ಲಿದ್ದ ಸೇನಾ ವೈದ್ಯ ಡಾ. ಕೋಪ್‌ಲ್ಯಾಂಡ್, ಆತನ ಕುಟುಂಬ ಸೇರಿದಂತೆ ಯಾರೊಬ್ಬರೂ ಉಳಿಯಲಿಲ್ಲ.

ದುರಂತಕ್ಕಿಂತ ಹೆಚ್ಚಾಗಿ ಜನರನ್ನು ಕಲಕಿದ್ದು ಅದರ ಬೆನ್ನಿಗೆ ಹಬ್ಬಿದ ವದಂತಿ. ದಡ ಸೇರಿದವರನ್ನು ದ್ವೀಪದಲ್ಲಿ ಅಡಗಿದ್ದ ದರೋಡೆಕೋರರು ಕೊಂದು ಒಡವೆ ವಸ್ತ್ರಗಳನ್ನು ದೋಚಿದರೆಂಬ ಮಾತು ಹ್ಯಾಲಿಫ್ಯಾಕ್ಸ್‌ನಲ್ಲಿ ಹರಡಿತು. ವೈದ್ಯನ ಪತ್ನಿಯ ಉಂಗುರದ ಬೆರಳನ್ನೇ ಕತ್ತರಿಸಲಾಯಿತೆಂದೂ, ಬೆರಳಿಲ್ಲದ ಆಕೆಯ ಪ್ರೇತ ಇಂದಿಗೂ ಮರಳಿನ ಮೇಲೆ ಅಲೆಯುತ್ತದೆಂದೂ ಹೇಳುವ ಕಥೆ ನೋವಾ ಸ್ಕೋಷಿಯಾದ ಜನಪದದಲ್ಲಿ ಈಗಲೂ ಜೀವಂತವಾಗಿದೆ. ಕೊಲೆ ನಡೆದದ್ದು ಸಾಬೀತಾಗಲಿಲ್ಲ. ಆದರೆ ಕಾವಲಿಲ್ಲದ ಆ ದ್ವೀಪದಲ್ಲಿ ಹಡಗೊಡೆದವರು ಅಲೆಗಳಿಗೆ ಮಾತ್ರವಲ್ಲ, ಮನುಷ್ಯರಿಗೂ ಅಂಜಬೇಕು ಎಂಬ ಭಾವನೆ ಬಲವಾಯಿತು.

ನೋವಾ ಸ್ಕೋಷಿಯಾದ ಆಗಿನ ಗವರ್ನರ್ ಸರ್ ಜಾನ್ ವೆಂಟ್‌ವರ್ತ್ ಈ ವಿಷಯದಲ್ಲಿ ಮುತುವರ್ಜಿ ವಹಿಸಿದರು. 1801ರಲ್ಲಿ ಅಲ್ಲಿನ ಶಾಸನಸಭೆ ದ್ವೀಪದಲ್ಲಿ ರಕ್ಷಣಾ ಠಾಣೆ ಸ್ಥಾಪಿಸಲು 600 ಪೌಂಡ್ ಮಂಜೂರು ಮಾಡಿತು. ಪರವಾನಗಿ ಇಲ್ಲದೆ ಯಾರೂ ದ್ವೀಪದಲ್ಲಿ ನೆಲೆಸಕೂಡದೆಂಬ ಶಾಸನವೂ ಬಂದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಜೇಮ್ಸ್ ಮಾರಿಸ್ ಎಂಬವರು ಮೊದಲ ಮೇಲ್ವಿಚಾರಕರಾಗಿ ತಮ್ಮ ಕುಟುಂಬ ಮತ್ತು ಕೆಲವು ಕೆಲಸಗಾರರೊಂದಿಗೆ ದ್ವೀಪಕ್ಕೆ ಬಂದಿಳಿದರು. ಚಳಿಗಾಲ ಎದುರಿಗಿತ್ತು. ತಂದ ಸಾಮಗ್ರಿಗಳನ್ನು ಅಲೆಗಳ ನಡುವೆ ಇಳಿಸಿ, ಮನೆ ಕಟ್ಟಿ, ಹೊರಗಿನ ಸಂಪರ್ಕವಿಲ್ಲದೆ ಅವರು ತಿಂಗಳುಗಳನ್ನು ಕಳೆಯಬೇಕಿತ್ತು. 'ಹ್ಯುಮೇನ್ ಎಸ್ಟಾಬ್ಲಿಷ್‌ಮೆಂಟ್', ಅಂದರೆ ಮಾನವೀಯ ಸೇವಾ ಠಾಣೆ, ಎಂದು ಈ ವ್ಯವಸ್ಥೆಯನ್ನು ಕರೆಯಲಾಯಿತು.

ಠಾಣೆಯ ದಿನಚರಿ

ಠಾಣೆಯ ಕೆಲಸ ಮುಖ್ಯವಾಗಿ ಮೂರು ಬಗೆಯದು: ಕಾಯುವುದು, ಕರೆತರುವುದು, ಸಾಕುವುದು. ಕಾವಲುಗಾರರು ಕುದುರೆಯೇರಿ ಕಡಲತೀರದುದ್ದಕ್ಕೂ ಸುತ್ತುತ್ತಿದ್ದರು. ಮಂಜು ಕವಿದಾಗ, ಬಿರುಗಾಳಿ ಬೀಸಿದ ಮೇಲೆ ಈ ಗಸ್ತು ಕಡ್ಡಾಯ. ಎತ್ತರದ ಕಂಬದ ಮೇಲಿನ ಅಟ್ಟಣಿಗೆಯಿಂದ ಸಮುದ್ರವನ್ನು ವೀಕ್ಷಿಸಲಾಗುತ್ತಿತ್ತು. ಕಾಲಕ್ರಮೇಣ ಮುಖ್ಯ ಠಾಣೆಯ ಜೊತೆಗೆ ದ್ವೀಪದ ಉದ್ದಕ್ಕೂ ಉಪಠಾಣೆಗಳು ತಲೆಯೆತ್ತಿದವು.

ಠಾಣೆಗಳ ನಡುವೆ ಜನವಾಸವಿಲ್ಲದ ಜಾಗಗಳಲ್ಲಿ ಆಶ್ರಯಮನೆಗಳನ್ನು ಕಟ್ಟಲಾಗಿತ್ತು. ರಾತ್ರಿ ಹೊತ್ತು ಯಾರ ಕಣ್ಣಿಗೂ ಬೀಳದೆ ದಡ ಸೇರಿದವರಿಗಾಗಿ ಅಲ್ಲಿ ಸೌದೆ, ಬೆಂಕಿ ಹಚ್ಚುವ ಸಾಧನ ಮತ್ತು ಒಣ ಬಿಸ್ಕತ್ತು ಇಡಲಾಗುತ್ತಿತ್ತು. ಸಿಹಿನೀರು ಎಲ್ಲಿದೆ, ಮುಖ್ಯ ಠಾಣೆಗೆ ಯಾವ ದಿಕ್ಕಿನಲ್ಲಿ ನಡೆಯಬೇಕು ಎಂಬ ಸೂಚನೆಯೂ ಇರುತ್ತಿತ್ತು. ಸುತ್ತ ಉಪ್ಪುನೀರಿದ್ದರೂ ದ್ವೀಪದ ಮರಳನ್ನು ತುಸು ಅಗೆದರೆ ಮಳೆನೀರು ಇಂಗಿ ನಿಂತ ಸಿಹಿನೀರು ಸಿಗುತ್ತದೆ. ಇದನ್ನು ಅರಿಯದವನು ನೀರಿನ ಮೇಲೆಯೇ ನಿಂತು ಬಾಯಾರಿ ಸಾಯುವ ಸಾಧ್ಯತೆಯಿತ್ತು.

ಹಡಗು ಮರಳಿಗೆ ಸಿಕ್ಕಿದ ಸುದ್ದಿ ತಲುಪಿದೊಡನೆ ರಕ್ಷಣಾ ದೋಣಿಯನ್ನು ಗಾಡಿಯ ಮೇಲಿಟ್ಟು ಕುದುರೆಗಳಿಂದ ಎಳೆಸಲಾಗುತ್ತಿತ್ತು. ಮರಳಿನಲ್ಲಿ ಹಲವು ಕಿಲೋಮೀಟರ್ ಎಳೆದ ಮೇಲೆ ನೊರೆಗರೆಯುವ ಅಲೆಗಳನ್ನು ಸೀಳಿಕೊಂಡು ದೋಣಿ ಹಡಗಿನವರೆಗೆ ಹೋಗಬೇಕು. ದೋಣಿ ಇಳಿಸಲಾಗದಷ್ಟು ಕಡಲು ಕೆರಳಿದ್ದರೆ ದಡದಿಂದ ಹಡಗಿಗೆ ಹಗ್ಗ ಹಾರಿಸುವ ಉಪಾಯವಿತ್ತು. ರಾಕೆಟ್ ಮೂಲಕ ತೆಳು ಹಗ್ಗವನ್ನು ಹಡಗಿನ ಮೇಲೆ ಬೀಳುವಂತೆ ಹಾರಿಸಿ, ಅದರ ನೆರವಿನಿಂದ ದಪ್ಪ ಹಗ್ಗವನ್ನು ಹಾಯಿಕಂಬಕ್ಕೆ ಕಟ್ಟಿಸಲಾಗುತ್ತಿತ್ತು. ಆ ಹಗ್ಗಕ್ಕೆ ತೂಗುಬಿಟ್ಟ ತೇಲುಬಳೆಗೆ ಚಡ್ಡಿಯ ಆಕಾರದ ದಪ್ಪ ಬಟ್ಟೆಯ ಚೀಲ ಹೊಲಿದಿರುತ್ತಿತ್ತು. ಅದರಲ್ಲಿ ಕಾಲಿಳಿಸಿ ಕುಳಿತವರನ್ನು ಒಬ್ಬೊಬ್ಬರನ್ನಾಗಿ ಅಲೆಗಳ ಮೇಲಿಂದ ದಡಕ್ಕೆ ಎಳೆದುಕೊಳ್ಳಲಾಗುತ್ತಿತ್ತು.

ಪಾರಾದವರನ್ನು ಹ್ಯಾಲಿಫ್ಯಾಕ್ಸ್‌ನಿಂದ ಹಡಗು ಬರುವ ತನಕ ಸಾಕುವುದು ಮೂರನೆಯ ಹೊಣೆ. ಚಳಿಗಾಲವಾದರೆ ಆ ಕಾಯುವಿಕೆ ವಾರಗಳಿಂದ ತಿಂಗಳುಗಳಿಗೆ ಬೆಳೆಯುತ್ತಿತ್ತು. ಬೆರಳೆಣಿಕೆಯ ಕುಟುಂಬಗಳಿಗಾಗಿ ಸಂಗ್ರಹಿಸಿದ ದವಸವನ್ನು ಒಮ್ಮೆಗೇ ಹತ್ತಾರು, ಕೆಲವೊಮ್ಮೆ ನೂರಾರು ಮಂದಿಗೆ ಹಂಚಬೇಕಾಗುತ್ತಿತ್ತು. ಒಡೆದ ಹಡಗಿನಿಂದ ಉಳಿಸಿದ ಸರಕುಗಳನ್ನು ಹ್ಯಾಲಿಫ್ಯಾಕ್ಸ್‌ಗೆ ಕಳಿಸಿ ಮಾರಾಟ ಮಾಡಿ, ಖರ್ಚು ಕಳೆದು ಉಳಿದದ್ದನ್ನು ಮಾಲೀಕರಿಗೆ ನೀಡುವ ಪದ್ಧತಿಯಿತ್ತು. ದ್ವೀಪದಲ್ಲಿ ಬೆಳೆಯುವ ಕ್ರ್ಯಾನ್‌ಬೆರಿ ಹಣ್ಣು, ಸೀಲ್ ಎಣ್ಣೆ ಮತ್ತು ಕುದುರೆಗಳ ಮಾರಾಟದಿಂದಲೂ ಠಾಣೆಯ ವೆಚ್ಚದ ಒಂದು ಭಾಗ ಭರಿಸಲ್ಪಡುತ್ತಿತ್ತು. ಮುಂದೆ ಬ್ರಿಟನ್ ಸರ್ಕಾರವೂ ವೆಚ್ಚದಲ್ಲಿ ಪಾಲು ನೀಡಲಾರಂಭಿಸಿತು. ಪಾರಾಗುವವರಲ್ಲಿ ಬಹುಪಾಲು ಮಂದಿ ನೋವಾ ಸ್ಕೋಷಿಯಾದವರಾಗಿರಲಿಲ್ಲ ಎಂಬುದು ಇಲ್ಲಿ ಗಮನಾರ್ಹ.

ಡಾರೋಥಿಯಾ ಡಿಕ್ಸ್ ಕಳಿಸಿದ ದೋಣಿಗಳು

19ನೇ ಶತಮಾನದ ನಡುಭಾಗದ ವೇಳೆಗೆ ಠಾಣೆಯ ದೋಣಿಗಳು ಹಳೆಯದಾಗಿದ್ದವು. 1850ರಲ್ಲಿ ನೋವಾ ಸ್ಕೋಷಿಯಾದ ಪ್ರಮುಖ ರಾಜಕಾರಣಿ ಜೋಸೆಫ್ ಹೋವ್ ದ್ವೀಪಕ್ಕೆ ಭೇಟಿ ನೀಡಿ ಅಲ್ಲಿನ ಸ್ಥಿತಿಗತಿಯ ಕುರಿತು ವರದಿ ಸಲ್ಲಿಸಿದರು. ಮೂರು ವರ್ಷಗಳ ಬಳಿಕ ಮತ್ತೊಬ್ಬ ಅತಿಥಿ ಬಂದರು. ಅಮೆರಿಕದಲ್ಲಿ ಮಾನಸಿಕ ರೋಗಿಗಳ ಆಸ್ಪತ್ರೆಗಳ ಸುಧಾರಣೆಗಾಗಿ ಹೋರಾಡಿ ಹೆಸರಾಗಿದ್ದ ಡಾರೋಥಿಯಾ ಡಿಕ್ಸ್ 1853ರಲ್ಲಿ ಸೇಬಲ್ ದ್ವೀಪವನ್ನು ಕಂಡರು. ಅವರು ಅಲ್ಲಿದ್ದಾಗಲೇ ಹಡಗೊಂದು ಮರಳಿಗೆ ಸಿಕ್ಕಿತು. ಅದನ್ನೂ, ಠಾಣೆಯ ದೋಣಿಗಳ ದುಃಸ್ಥಿತಿಯನ್ನೂ ಕಣ್ಣಾರೆ ಕಂಡ ಡಿಕ್ಸ್ ಅಮೆರಿಕಕ್ಕೆ ಮರಳಿದ ಮೇಲೆ ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾಗಳ ವರ್ತಕರಿಂದ ಹಣ ಕೂಡಿಸಿ ಹೊಸ ಮಾದರಿಯ ಲೋಹದ ರಕ್ಷಣಾ ದೋಣಿಗಳನ್ನು ದ್ವೀಪಕ್ಕಾಗಿ ಮಾಡಿಸಿದರು.

ಆ ದಾನದ ಬೆಲೆ ಬಹುಬೇಗ ತಿಳಿಯಿತು. 1854ರ ನವೆಂಬರ್‌ನಲ್ಲಿ ಆಂಟ್‌ವರ್ಪ್‌ನಿಂದ ನ್ಯೂಯಾರ್ಕ್‌ಗೆ ವಲಸೆಗಾರರನ್ನು ಹೊತ್ತು ಬರುತ್ತಿದ್ದ 'ಆರ್ಕೇಡಿಯಾ' ಹಡಗು ದ್ವೀಪದ ಮರಳಿಗೆ ಬಡಿಯಿತು. ಹಳೆಯ ದೋಣಿಗಳು ಆ ಅಲೆಗಳಲ್ಲಿ ನಿಲ್ಲುವಂತಿರಲಿಲ್ಲ. ಮೇಲ್ವಿಚಾರಕ ಮ್ಯಾಥ್ಯೂ ಮೆಕೆನ್ನಾ ಮತ್ತು ಅವರ ಸಿಬ್ಬಂದಿ ಡಿಕ್ಸ್ ಕಳಿಸಿದ ದೋಣಿಯಲ್ಲಿ ಹಡಗಿಗೂ ದಡಕ್ಕೂ ನಡುವೆ ಮತ್ತೆ ಮತ್ತೆ ಓಡಾಡಿ, ಮಹಿಳೆಯರು ಮತ್ತು ಮಕ್ಕಳೂ ಸೇರಿದಂತೆ 160ಕ್ಕೂ ಹೆಚ್ಚು ಮಂದಿಯನ್ನು ದಡ ಸೇರಿಸಿದರು. ಸೇಬಲ್ ದ್ವೀಪದ ಚರಿತ್ರೆಯಲ್ಲಿ ಇದು ಅತ್ಯಂತ ಯಶಸ್ವಿ ಕಾರ್ಯಾಚರಣೆಗಳಲ್ಲೊಂದು.

ದೀಪಸ್ತಂಭಕ್ಕೆ ಏಕೆ ತಡ?

ಇಷ್ಟೆಲ್ಲ ಹಡಗುಗಳು ಒಡೆಯುತ್ತಿದ್ದ ಕಡೆ ದೀಪಸ್ತಂಭವನ್ನೇ ಏಕೆ ಮೊದಲು ಕಟ್ಟಲಿಲ್ಲ ಎಂಬ ಪ್ರಶ್ನೆ ಸಹಜ. ದಶಕಗಳ ಕಾಲ ಈ ಬಗ್ಗೆ ಚರ್ಚೆ ನಡೆದಿತ್ತು. ವೆಚ್ಚ ಒಂದು ಕಾರಣ. ಬುನಾದಿಗೆ ಬಂಡೆಯೇ ಇಲ್ಲದ, ಗಾಳಿ ಬೀಸಿದಂತೆ ಕದಲುವ ಮರಳಿನ ಮೇಲೆ ಗೋಪುರ ನಿಲ್ಲಿಸುವುದು ಇನ್ನೊಂದು ತೊಡಕು. 1830ರ ದಶಕದಲ್ಲಿ ದ್ವೀಪದ ಒಳಗಿನ ಉಪ್ಪುಕೆರೆಗೆ ಸಮುದ್ರದಿಂದ ಇದ್ದ ದಾರಿ ಬಿರುಗಾಳಿಗೆ ಮುಚ್ಚಿಹೋಗಿ, ಆಶ್ರಯಕ್ಕೆಂದು ಒಳಗೆ ಬಂದಿದ್ದ ಎರಡು ಅಮೆರಿಕನ್ ಹಡಗುಗಳು ಅಲ್ಲಿಯೇ ಬಂದಿಯಾಗಿದ್ದವು. ನಕ್ಷೆಯೇ ಹೀಗೆ ಬದಲಾಗುವ ಕಡೆ ಗೋಪುರದ ಆಯುಷ್ಯವೆಷ್ಟು ಎಂಬ ಸಂಶಯ ಸಕಾರಣವಾಗಿತ್ತು.

ಅದಕ್ಕಿಂತ ಗಂಭೀರವಾದ ವಾದವೊಂದಿತ್ತು. ದೀಪವಿಲ್ಲದಿದ್ದರೆ ನಾವಿಕರು ದ್ವೀಪದಿಂದ ಆದಷ್ಟು ದೂರ ಸರಿದು ಸಾಗುತ್ತಾರೆ. ದೀಪವಿದೆ ಎಂದು ತಿಳಿದರೆ ಅದನ್ನು ಕಂಡು ತಮ್ಮ ಸ್ಥಾನ ಖಚಿತಪಡಿಸಿಕೊಳ್ಳಲು ಹತ್ತಿರಕ್ಕೆ ಬರುತ್ತಾರೆ. ಮಂಜಿನ ದಿನಗಳಲ್ಲಿ ದೀಪ ಕಾಣುವುದರೊಳಗೆ ಹಡಗು ನೀರೊಳಗಿನ ಮರಳು ಏರಿಯ ಮೇಲೆ ಹತ್ತಿರುತ್ತದೆ. ಹಾಗಾದಲ್ಲಿ ರಕ್ಷಿಸಬೇಕಾದ ದೀಪವೇ ಹಡಗುಗಳನ್ನು ಸಾವಿನತ್ತ ಸೆಳೆದಂತಾಗುತ್ತದೆ ಎಂಬುದು ಈ ವಾದದ ತಿರುಳು.

ಕೊನೆಗೆ ದೀಪದ ಪರವಾದ ಅಭಿಪ್ರಾಯ ಗೆದ್ದಿತು. 1867ರಲ್ಲಿ ಹೊಸ ಕೆನಡಾ ಸರ್ಕಾರದ ವಶಕ್ಕೆ ಬಂದ ದ್ವೀಪದಲ್ಲಿ 1872ರಲ್ಲಿ ಎರಡು ದೀಪಸ್ತಂಭಗಳು ನಿರ್ಮಾಣಗೊಂಡವು. ಒಂದು ಪಶ್ಚಿಮ ತುದಿಯಲ್ಲಿ, ಇನ್ನೊಂದು ಪೂರ್ವ ತುದಿಯಲ್ಲಿ. ಎರಡೂ ಮರದ ಎತ್ತರದ ಗೋಪುರಗಳು. ದೂರದ ಹಡಗಿನವರು ಯಾವ ತುದಿಯ ಬಳಿ ಇದ್ದೇವೆಂದು ಗುರುತಿಸಲು ಅನುಕೂಲವಾಗುವಂತೆ ಪಶ್ಚಿಮದ್ದು ಸುತ್ತುವ ಬೆಳಕನ್ನೂ ಪೂರ್ವದ್ದು ಸ್ಥಿರ ಬೆಳಕನ್ನೂ ಬೀರುತ್ತಿದ್ದವು.

ಸರಿಯುವ ಮರಳು, ಸರಿಯುವ ದೀಪ

ಮರಳಿನ ಬಗ್ಗೆ ಇದ್ದ ಸಂಶಯ ಹತ್ತೇ ವರ್ಷಗಳಲ್ಲಿ ನಿಜವಾಯಿತು. 1880ರ ದಶಕದ ಆರಂಭದ ಬಿರುಗಾಳಿಗಳಲ್ಲಿ ದ್ವೀಪದ ಪಶ್ಚಿಮ ತುದಿ ತುಂಡುತುಂಡಾಗಿ ಸಮುದ್ರಕ್ಕೆ ಕುಸಿಯತೊಡಗಿತು. ಅಲೆಗಳು ಗೋಪುರದ ಬುಡವನ್ನು ಸಮೀಪಿಸಿದ್ದರಿಂದ ಪಶ್ಚಿಮದ ದೀಪಸ್ತಂಭವನ್ನು ಬಿಚ್ಚಿ ಪೂರ್ವಕ್ಕೆ ಸರಿಸಿ ಮತ್ತೆ ನಿಲ್ಲಿಸಬೇಕಾಯಿತು. ಅದು ಕೊನೆಯ ಸ್ಥಳಾಂತರವಾಗಲಿಲ್ಲ. ಸಮುದ್ರ ಬೆನ್ನಟ್ಟಿದಂತೆಲ್ಲ ದೀಪವನ್ನು ಹಲವು ಬಾರಿ ಹಿಂದಕ್ಕೆ ಒಯ್ಯಲಾಯಿತು. ಪೂರ್ವದ ದೀಪವನ್ನೂ ಮುಂದೆ ಬೇರೆಡೆ ನಿಲ್ಲಿಸಬೇಕಾಯಿತು. ಠಾಣೆಯ ಮನೆಗಳದ್ದೂ ಇದೇ ಪಾಡು. ಕೆಲವು ಸಮುದ್ರಪಾಲಾದರೆ, ಕೆಲವನ್ನು ತೆವಳಿಬಂದ ಮರಳುದಿಬ್ಬಗಳು ಮಾಡಿನವರೆಗೆ ನುಂಗಿದವು.

ದೀಪ ಬಂದ ಮೇಲೆ ದುರಂತಗಳು ನಿಲ್ಲಲಿಲ್ಲ. 1879ರ ಜುಲೈನಲ್ಲಿ 'ಸ್ಟೇಟ್ ಆಫ್ ವರ್ಜೀನಿಯಾ' ಎಂಬ ಪ್ರಯಾಣಿಕರ ಉಗಿಹಡಗು ಮಂಜಿನಲ್ಲಿ ದಾರಿ ತಪ್ಪಿ ದ್ವೀಪಕ್ಕೆ ಬಡಿಯಿತು. ಎರಡು ದೀಪಸ್ತಂಭಗಳಿದ್ದರೂ ಆ ಮಂಜಿನಲ್ಲಿ ಅವು ಉಪಯೋಗಕ್ಕೆ ಬರಲಿಲ್ಲ. ಪ್ರಯಾಣಿಕರನ್ನು ದಡಕ್ಕೆ ಸಾಗಿಸುವಾಗ ದೋಣಿಯೊಂದು ಅಲೆಗಳಲ್ಲಿ ಮಗುಚಿ ಮಹಿಳೆಯರು, ಮಕ್ಕಳು ಅಸುನೀಗಿದರು. ಉಳಿದವರು ಠಾಣೆಯವರ ನೆರವಿನಿಂದ ಬದುಕಿದರು. 1884ರಲ್ಲಿ 'ಆಮ್‌ಸ್ಟರ್‌ಡಮ್' ಎಂಬ ಡಚ್ ಉಗಿಹಡಗು ಇಲ್ಲಿಯೇ ಒಡೆದಾಗಲೂ ಪ್ರಯಾಣಿಕರಲ್ಲಿ ಬಹುತೇಕ ಎಲ್ಲರೂ ಪಾರಾದರು. ದೀಪ ತಡೆಯಲಾಗದ ದುರಂತಗಳಲ್ಲಿ ಜೀವ ಉಳಿಸಲು ಮತ್ತೆ ದಡದ ದೋಣಿಯೇ ಬೇಕಾಯಿತು.

ದಡದಿಂದ ದೂರದಲ್ಲಿ ನಡೆದುದಕ್ಕೆ ದೀಪವೂ ದೋಣಿಯೂ ನೆರವಾಗಲಿಲ್ಲ. 1898ರ ಜುಲೈ 4ರಂದು ಫ್ರೆಂಚ್ ಪ್ರಯಾಣಿಕರ ಹಡಗು 'ಲಾ ಬುರ್ಗೋನ್' ಮಂಜಿನಲ್ಲಿ ಮತ್ತೊಂದು ಹಡಗಿಗೆ ಡಿಕ್ಕಿ ಹೊಡೆದು ದ್ವೀಪದ ದಕ್ಷಿಣಕ್ಕೆ ಮುಳುಗಿ 500ಕ್ಕೂ ಹೆಚ್ಚು ಮಂದಿ ಸತ್ತರು. ಅದರಲ್ಲಿ ಸ್ನೇಹಿತರನ್ನು ಕಳೆದುಕೊಂಡ ದೂರವಾಣಿಯ ಆವಿಷ್ಕಾರಕ ಅಲೆಗ್ಸಾಂಡರ್ ಗ್ರಹಾಂ ಬೆಲ್, ಅವರ ದೇಹಗಳಾದರೂ ದಡ ಸೇರಿರಬಹುದೆಂದು ಹುಡುಕುತ್ತ ಅದೇ ವರ್ಷ ಸೇಬಲ್ ದ್ವೀಪಕ್ಕೆ ಬಂದಿದ್ದರು. 1926 ಮತ್ತು 1927ರ ಆಗಸ್ಟ್ ತಿಂಗಳ ಚಂಡಮಾರುತಗಳಲ್ಲಿ ನೋವಾ ಸ್ಕೋಷಿಯಾದ ಲೂನೆನ್‌ಬರ್ಗ್ ಪಟ್ಟಣದ ಹಲವು ಮೀನುಗಾರಿಕಾ ಹಡಗುಗಳು ದ್ವೀಪದ ಸುತ್ತಲಿನ ಸಮುದ್ರದಲ್ಲಿ ಎಲ್ಲ ಸಿಬ್ಬಂದಿಯೊಂದಿಗೆ ಕಣ್ಮರೆಯಾದವು. ಆ ಸಣ್ಣ ಪಟ್ಟಣದಲ್ಲಿ ಅನೇಕ ಮನೆಗಳು ಎರಡೇ ಬೇಸಿಗೆಗಳಲ್ಲಿ ತಂದೆ, ಮಗ, ಸಹೋದರರನ್ನು ಕಳೆದುಕೊಂಡವು.

ಪಾರಿವಾಳದಿಂದ ರೇಡಾರ್‌ವರೆಗೆ

ದ್ವೀಪದ ದೊಡ್ಡ ಕೊರತೆ ಸಂಪರ್ಕದ್ದು. ಹಡಗೊಡೆದು ನೂರು ಮಂದಿ ದಡದಲ್ಲಿದ್ದರೂ ಹ್ಯಾಲಿಫ್ಯಾಕ್ಸ್‌ಗೆ ಸುದ್ದಿ ಮುಟ್ಟಿಸಲು ಯಾರಾದರೂ ಸಮುದ್ರ ದಾಟಿಯೇ ಹೋಗಬೇಕಿತ್ತು. 19ನೇ ಶತಮಾನದ ಕೊನೆಯ ಭಾಗದಲ್ಲಿ ಠಾಣೆಗಳ ನಡುವೆ ದೂರವಾಣಿ ತಂತಿ ಎಳೆಯಲಾಯಿತು. 1890ರ ದಶಕದಲ್ಲಿ ಹೊರಗಿನ ಸಂಪರ್ಕಕ್ಕಾಗಿ ಸಂದೇಶವಾಹಕ ಪಾರಿವಾಳಗಳ ಪ್ರಯೋಗವೂ ನಡೆಯಿತು. 1905ರ ಹೊತ್ತಿಗೆ ಮಾರ್ಕೋನಿ ನಿಸ್ತಂತು ಕೇಂದ್ರ ಕೆಲಸ ಆರಂಭಿಸಿದ ಮೇಲೆ ದ್ವೀಪದ ಒಂಟಿತನ ಮುಗಿಯಿತು. ಹಡಗುಗಳಲ್ಲಿಯೂ ನಿಸ್ತಂತು ಬಂದದ್ದರಿಂದ ಕಣ್ಣಿಗೆ ಕಾಣದ ಅಪಾಯದ ಕುರಿತು ಮೊದಲೇ ಎಚ್ಚರಿಸುವುದು ಸಾಧ್ಯವಾಯಿತು.

ಎರಡನೇ ಮಹಾಯುದ್ಧದ ಬಳಿಕ ರೇಡಾರ್ ಮತ್ತಿತರ ಸಾಧನಗಳು ಮಂಜಿನ ಭಯವನ್ನೇ ತಗ್ಗಿಸಿದವು. 1947ರಲ್ಲಿ ಒಡೆದ 'ಮ್ಯಾನ್‌ಹ್ಯಾಸೆಟ್' ಎಂಬ ಉಗಿಹಡಗನ್ನು ದ್ವೀಪದ ಕೊನೆಯ ದೊಡ್ಡ ದುರಂತವೆಂದು ಪರಿಗಣಿಸಲಾಗಿದೆ. ಅದರ ಸಿಬ್ಬಂದಿಯೆಲ್ಲರೂ ಪಾರಾದರು. 1958ರಲ್ಲಿ ರಕ್ಷಣಾ ಠಾಣೆಯನ್ನು ಮುಚ್ಚಲಾಯಿತು. ಆನಂತರ ದೀಪಸ್ತಂಭಗಳೂ ಸ್ವಯಂಚಾಲಿತಗೊಂಡು ದೀಪಪಾಲಕರ ಕುಟುಂಬಗಳು ದ್ವೀಪವನ್ನು ತೊರೆದವು. 2004ರಲ್ಲಿ ಪಶ್ಚಿಮದ ದೀಪವನ್ನು ಅಧಿಕೃತವಾಗಿ ಸೇವೆಯಿಂದ ಕೈಬಿಡಲಾಯಿತು.

ಹಾಗೆಂದು ಸಮುದ್ರ ಪಳಗಿತೆಂದಲ್ಲ. 1991ರ ಅಕ್ಟೋಬರ್‌ನ ಭಾರೀ ಬಿರುಗಾಳಿಯಲ್ಲಿ ಅಮೆರಿಕದ 'ಆಂಡ್ರಿಯಾ ಗೇಲ್' ಎಂಬ ಮೀನುಗಾರಿಕಾ ಹಡಗು ಆರು ಮಂದಿಯೊಂದಿಗೆ ಕಾಣೆಯಾಯಿತು. ಅದರ ತುರ್ತು ಸಂಕೇತ ಸಾಧನ ಕೆಲವು ದಿನಗಳ ಬಳಿಕ ಸೇಬಲ್ ದ್ವೀಪದ ದಡದಲ್ಲಿ ಸಿಕ್ಕಿತು. 1999ರಲ್ಲಿಯೂ 'ಮೆರಿಮ್ಯಾಕ್' ಎಂಬ ಸಣ್ಣ ಹಾಯಿದೋಣಿ ಇಲ್ಲಿ ಮರಳಿಗೆ ಸಿಕ್ಕಿ ಒಡೆಯಿತು. ಅದರಲ್ಲಿದ್ದವರು ಬದುಕಿ ಉಳಿದರು.

ಉಳಿದ ಕುದುರೆಗಳು, ಇಂದಿನ ದ್ವೀಪ

ರಕ್ಷಣಾ ದೋಣಿಗಳನ್ನು ಎಳೆದ ಕುದುರೆಗಳ ಸಂತತಿ ಠಾಣೆ ಮುಚ್ಚಿದ ಮೇಲೂ ದ್ವೀಪದಲ್ಲಿ ಉಳಿಯಿತು. ಅವುಗಳನ್ನು ಹಿಡಿದು ಹೊರಸಾಗಿಸಿ ಮಾರುವ ಯೋಜನೆ ಸಿದ್ಧವಾದಾಗ ದೇಶದಾದ್ಯಂತ ವಿರೋಧ ವ್ಯಕ್ತವಾಯಿತು. ಶಾಲಾ ಮಕ್ಕಳು ಪ್ರಧಾನಿ ಜಾನ್ ಡೀಫನ್‌ಬೇಕರ್ ಅವರಿಗೆ ಪತ್ರಗಳನ್ನು ಬರೆದರು. ಸರ್ಕಾರ ಯೋಜನೆಯನ್ನು ಕೈಬಿಟ್ಟು ಕುದುರೆಗಳಿಗೆ ಕಾನೂನಿನ ರಕ್ಷಣೆ ನೀಡಿತು. ಇಂದು ಸುಮಾರು 500 ಕುದುರೆಗಳು ಮನುಷ್ಯರ ಹಸ್ತಕ್ಷೇಪವಿಲ್ಲದೆ ಅಲ್ಲಿ ಬದುಕುತ್ತಿವೆ. ಬೂದು ಸೀಲ್‌ಗಳ ಬೃಹತ್ ಸಂತಾನೋತ್ಪತ್ತಿ ತಾಣವಾಗಿಯೂ, ಇಪ್ಸ್‌ವಿಚ್ ಗುಬ್ಬಿ ಗೂಡು ಕಟ್ಟುವ ನೆಲೆಯಾಗಿಯೂ ದ್ವೀಪ ಪ್ರಸಿದ್ಧ.

2013ರಲ್ಲಿ ಸೇಬಲ್ ದ್ವೀಪವನ್ನು ರಾಷ್ಟ್ರೀಯ ಉದ್ಯಾನ ಮೀಸಲು ಪ್ರದೇಶವಾಗಿ ಘೋಷಿಸಲಾಯಿತು. ದ್ವೀಪದ ಸಮೀಪದ ಸಮುದ್ರದಲ್ಲಿ 1999ರಲ್ಲಿ ಆರಂಭವಾದ ನೈಸರ್ಗಿಕ ಅನಿಲ ಉತ್ಪಾದನೆ 2018ರ ಕೊನೆಯಲ್ಲಿ ನಿಂತಿತು. 1891ರಿಂದ ದಾಖಲೆಗಳನ್ನು ಇಟ್ಟುಕೊಂಡು ಬಂದ ಹವಾಮಾನ ಕೇಂದ್ರದಿಂದ 2019ರಲ್ಲಿ ಸಿಬ್ಬಂದಿಯನ್ನು ಹಿಂತೆಗೆದುಕೊಳ್ಳಲಾಯಿತು. ಈಗ ಅಲ್ಲಿ ಇರುವವರು ಉದ್ಯಾನದ ಕೆಲವೇ ಸಿಬ್ಬಂದಿ ಮತ್ತು ಆಗಾಗ ಬರುವ ಸಂಶೋಧಕರು. 1970ರ ದಶಕದಿಂದ ದ್ವೀಪವನ್ನು ಅಧ್ಯಯನ ಮಾಡುತ್ತ ಬಂದ ಪ್ರಕೃತಿತಜ್ಞೆ ಜೋಯಿ ಲ್ಯೂಕಾಸ್, ದಡಕ್ಕೆ ಬಂದು ಬೀಳುವ ಪ್ಲಾಸ್ಟಿಕ್ ಕಸವನ್ನು ದಶಕಗಳ ಕಾಲ ಎಣಿಸಿ ದಾಖಲಿಸಿದ್ದಾರೆ. ಹಿಂದೆ ಒಡೆದ ಹಡಗುಗಳ ಸರಕನ್ನು ತಂದೆಸೆಯುತ್ತಿದ್ದ ಅದೇ ಪ್ರವಾಹಗಳು ಈಗ ಕಸವನ್ನು ತರುತ್ತಿವೆ.

ಅನುಮತಿಯಿಲ್ಲದೆ ದ್ವೀಪಕ್ಕೆ ಹೋಗುವಂತಿಲ್ಲವೆಂಬ ನಿಯಮ ಇಂದಿಗೂ ಇದೆ. 1801ರಲ್ಲಿ ಹಡಗೊಡೆದವರನ್ನು ದರೋಡೆಕೋರರಿಂದ ಕಾಪಾಡಲು ಹುಟ್ಟಿದ ನಿರ್ಬಂಧ ಇಂದು ಕುದುರೆ, ಹಕ್ಕಿ, ಮರಳುಗಳನ್ನು ಮನುಷ್ಯರಿಂದ ಕಾಪಾಡುತ್ತಿದೆ. ವರ್ಷಕ್ಕೆ ಕೆಲವು ನೂರು ಪ್ರವಾಸಿಗರು ಮಾತ್ರ ವಿಮಾನದಲ್ಲಿ ಅಥವಾ ಹಡಗಿನಲ್ಲಿ ಬಂದು ಹೋಗುತ್ತಾರೆ. ಬಿರುಗಾಳಿ ಮರಳನ್ನು ಸರಿಸಿದಾಗ ಹಳೆಯ ಹಡಗಿನ ಮರದ ಪಕ್ಕೆಲುಬುಗಳು ಅಲ್ಲಲ್ಲಿ ಮೇಲೆದ್ದು ಕಾಣುತ್ತವೆ. ಮುಂದಿನ ಬಿರುಗಾಳಿಗೆ ಅವು ಮತ್ತೆ ಮುಚ್ಚಿಹೋಗುತ್ತವೆ.

ಪ್ರಮುಖ ಘಟ್ಟಗಳು

1583: 'ಡಿಲೈಟ್' ಹಡಗಿನ ದುರಂತ

1598–1603: ಲಾ ರೋಶ್ ಇಳಿಸಿದ ಗುಂಪಿನ ವಾಸ, 11 ಮಂದಿ ಪಾರು

1760ರ ಸುಮಾರು: ದ್ವೀಪಕ್ಕೆ ಕುದುರೆಗಳ ಆಗಮನ

1799: 'ಫ್ರಾನ್ಸಿಸ್' ಹಡಗಿನಲ್ಲಿದ್ದ ಎಲ್ಲರ ಸಾವು

1801: ಮಾನವೀಯ ಸೇವಾ ಠಾಣೆಯ ಸ್ಥಾಪನೆ

1853–54: ಡಾರೋಥಿಯಾ ಡಿಕ್ಸ್ ಭೇಟಿ; 'ಆರ್ಕೇಡಿಯಾ' ಪ್ರಯಾಣಿಕರ ರಕ್ಷಣೆ

1867: ದ್ವೀಪ ಕೆನಡಾದ ಕೇಂದ್ರ ಸರ್ಕಾರದ ಅಧೀನಕ್ಕೆ

1872: ಪೂರ್ವ ಮತ್ತು ಪಶ್ಚಿಮ ದೀಪಸ್ತಂಭಗಳ ನಿರ್ಮಾಣ

1905: ನಿಸ್ತಂತು ಕೇಂದ್ರ

1947: ಕೊನೆಯ ದೊಡ್ಡ ಹಡಗು ದುರಂತ

1958: ರಕ್ಷಣಾ ಠಾಣೆ ಮುಕ್ತಾಯ

2004: ಪಶ್ಚಿಮ ದೀಪ ಸೇವೆಯಿಂದ ನಿವೃತ್ತಿ

2013: ರಾಷ್ಟ್ರೀಯ ಉದ್ಯಾನ ಮೀಸಲು ಪ್ರದೇಶವೆಂದು ಘೋಷಣೆ